ಅಂಗೈ ಮೇಸ್ತ್ರಿ

“ಹಾವು ಪೊರೆ ಕಳಚಿದ ಹಾಗೆ ಕಳಚ್ಕೊಂಡು ಹೋಯ್ತು ಅಕ್ಕಾ, ನಿಮ್ಮ ಪಟ್ಟಿ! ಟೈರು ಗಾಡೀಲೇ ಇದೆ, ಮೇಲಿನ ಚರ್ಮ ಮಾತ್ರ ರಸ್ತೆ ಮಧ್ಯ ಮಲಗಿದೆ. ಹಿಂದೆ ಬರ್ತಿದ್ದ ಬೈಕಿನವನು ನಿಜವಾದ ಹಾವೇ ಅಂದ್ಕೊಂಡು ಬೈಕು ಬಿಟ್ಟು ಓಡಿದ, ಗೊತ್ತಾ?”

“ನಿನಗೇನೂ ಆಗಲಿಲ್ಲ ತಾನೆ?” ಎಂದೆ ನಾನು.

“ನನಗೇನಾಗತ್ತೆ? ಮಡ್‌ಗಾರ್ಡ್ ಕಿತ್ಕೊಂಡು ಹೋಯ್ತು. ಗಾಡಿ ಒಂದ್ಸಲ ಆ ಕಡೆ, ಒಂದ್ಸಲ ಈ ಕಡೆ ಕುಣೀತು. ಹಿಂದೆ ಟ್ರೇಗಳೆಲ್ಲ ಒಂದರ ಮೇಲೊಂದು. ಯಾರಾದ್ರೂ ಅಲ್ಲೇ ಒಲೆ ಹಚ್ಚಿದ್ರೆ ಇಡೀ ಬೀದಿಗೆ ಆಮ್ಲೆಟ್ ಹಾಕಬಹುದಿತ್ತು.”

ಇಷ್ಟು ಹೇಳಿ ಅವನು ಕೈಯಲ್ಲಿದ್ದ ಕಪ್ಪು ರಬ್ಬರ್ ಪಟ್ಟಿಯನ್ನು ನನ್ನ ಕೌಂಟರಿನ ಮೇಲೆ ಧೊಪ್ಪೆಂದು ಹಾಕಿದ. ಪಿಕಪ್ ಗಾಡಿಯಲ್ಲಿ ಅಂಗಡಿಯಿಂದ ಅಂಗಡಿಗೆ ಮೊಟ್ಟೆ ಸಾಗಿಸುವ ಇವನನ್ನು ಎಲ್ಲರೂ ಮೊಟ್ಟೆ ಎಂದೇ ಕರೆಯುತ್ತಾರೆ. ತಲೆಯೂ ಬೋಳಾದ ಮೇಲಂತೂ ಆ ಹೆಸರಿಗೆ ಅವನೇ ಆಕ್ಷೇಪ ಎತ್ತುವುದು ಬಿಟ್ಟಿದ್ದಾನೆ.

“ಬೇಜಾರು ಮಾಡ್ಕೋಬೇಡಿ, ನಾನು ಇದ್ದಿದ್ದು ಇದ್ದ ಹಾಗೆ ಹೇಳೋನು,” ಎಂದು ಅವನು ದನಿ ತಗ್ಗಿಸಿದ. ಅವನ ತಗ್ಗಿದ ದನಿ ಎಂದರೆ ಬೇರೆಯವರ ಕೂಗು. “ಉಳಿದ ಮೂರು ಟೈರಿಗೆ ಮೇಸ್ತ್ರಿ ಕೈ ಬಿದ್ದಿದ್ದು ನಾನೇ ನಿಂತು ನೋಡಿದೀನಿ. ಅವು ಬೆಣ್ಣೆ. ಈ ಒಂದಕ್ಕೆ ಮಾತ್ರ ಬಿದ್ದಿರಲಿಲ್ಲ ಅನ್ಸತ್ತೆ. ಹುಡುಗಿ ಕೈಗೆ ಅಂಗಡಿ ಕೊಟ್ಟ ಮೇಲೆ ಹೀಗಾಯ್ತು ಅಂತ ನಾನಲ್ಲ ಹೇಳ್ತಿರೋದು. ಊರೇ ಹೇಳ್ತಿದೆ.”

ಒಳಗೆ ಟೈರು ಉಜ್ಜುವ ಯಂತ್ರ ನಿಂತಿತು. ಆ ಹುಡುಗಿ, ಅಂದರೆ ನನ್ನ ಅಣ್ಣನ ಮಗಳು, ನನಗೆ ಸೊಸೆ, ಮುಖಕ್ಕೆ ಕಟ್ಟಿದ ಬಟ್ಟೆ ಕೆಳಗೆಳೆದುಕೊಂಡು ಹೊರಗೆ ಬಂದಳು. ಹುಬ್ಬಿನ ಮೇಲೆಲ್ಲ ಕಪ್ಪು ರಬ್ಬರ್ ಪುಡಿ.

“ಊರು ಇನ್ನೇನು ಹೇಳ್ತಿದೆ ಅಣ್ಣಾ?”

“ಅಯ್ಯೋ ತಂಗಿ, ನೀನು ಅಲ್ಲೇ ಇದ್ಯಾ!”

“ಪಟ್ಟಿ ತಂದಿದ್ದಕ್ಕೆ ಥ್ಯಾಂಕ್ಸ್. ಬೇರೆ ಯಾರದ್ದಾದ್ರೂ ಕಿತ್ತು ಹೋದ್ರೆ ಅದನ್ನೂ ತರೋಕೆ ಹೇಳಿ. ಬಿಸಾಡಬೇಡಿ.”

“ಸತ್ತ ಟೈರಿನ ಚರ್ಮ ತಗೊಂಡು ಏನು ಮಾಡ್ತೀಯಾ? ಚಪ್ಪಲಿ ಹೊಲೀತೀಯಾ?”

“ಹೊಲಿದ್ರೆ ಮೊದಲನೇ ಜೊತೆ ನಿಮಗೇ.”

ಅವನು ನಕ್ಕು ಹೋದ. ಅವಳು ನಗಲಿಲ್ಲ. ಪಟ್ಟಿಯನ್ನು ಹೆಗಲಿಗೆ ಹಾಕಿಕೊಂಡು ಹಿಂದಿನ ಕೋಣೆಗೆ ನಡೆದಳು.

ನಮ್ಮದು ಟೈರ್ ರೀಸೋಲಿಂಗ್ ಅಂಗಡಿ. ಸವೆದು ಬೋಳಾದ ಟೈರನ್ನು ತಂದುಕೊಟ್ಟರೆ, ಅದರ ಮೇಲ್ಮೈಯನ್ನು ತರಿತರಿಯಾಗುವಂತೆ ಉಜ್ಜಿ, ಸಲ್ಯೂಷನ್ ಎನ್ನುವ ಅಂಟು ಬಳಿದು, ಹೊಸ ರಬ್ಬರ್ ಪಟ್ಟಿಯನ್ನು ಸುತ್ತಿ, ಚೇಂಬರಿನೊಳಗೆ ಬೇಯಿಸಿ, ಮತ್ತೆ ರಸ್ತೆಗೆ ಇಳಿಸಿ ಕೊಡುವ ಕೆಲಸ. ಹೇಳುವುದಕ್ಕೆ ಇಷ್ಟೇ. ಆದರೆ ಹಳೆಯ ಮೈಗೂ ಹೊಸ ಪಟ್ಟಿಗೂ ನಡುವೆ ಏನೂ ನುಸುಳಬಾರದು. ದೂಳು ಕೂಡದು, ನೀರಿನ ಪಸೆ ಕೂಡದು, ಎಣ್ಣೆಯಂತೂ ಹೆಸರೆತ್ತುವ ಹಾಗೇ ಇಲ್ಲ. ಅದಕ್ಕೇ ನನ್ನ ಅಣ್ಣ ಅಂಗಡಿ ಶುರು ಮಾಡಿದಾಗ ಒಳಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ತಾನೇ ಬರೆದ: ಉಜ್ಜಿದ ಟೈರನ್ನು ಬರಿಗೈಯಲ್ಲಿ ಮುಟ್ಟಬಾರದು. ಎಲ್ಲರೂ ಗ್ಲೌಸು ಹಾಕಿಯೇ ಮುಟ್ಟುತ್ತಿದ್ದರು. ಒಬ್ಬನನ್ನು ಬಿಟ್ಟು.

ಆ ಒಬ್ಬ ಅಣ್ಣನೇ. ಅವನಿಗೆ ವಿನಾಯಿತಿ ಯಾರೂ ಕೊಟ್ಟಿದ್ದಲ್ಲ, ಅವನ ಅಂಗೈ ಕೊಟ್ಟಿದ್ದು. ಹುಟ್ಟಿದಾಗಿನಿಂದ ಅವನ ಅಂಗೈ ಬೆವರಿದ್ದನ್ನು ನಾನು ಕಂಡಿಲ್ಲ. ಚಿಕ್ಕಂದಿನಲ್ಲಿ ಕಣ್ಣಾಮುಚ್ಚಾಲೆ ಆಡುವಾಗ ಅವನು ನನ್ನ ಕಣ್ಣು ಮುಚ್ಚಿದರೆ ರೆಪ್ಪೆಗೆ ಮರಳು ಕಾಗದ ಒತ್ತಿದ ಹಾಗೆ ಆಗುತ್ತಿತ್ತು. ಅಂಥ ಒಣ ಕೈಯಿಂದ ಅವನು ಉಜ್ಜಿದ ಟೈರನ್ನು ಸುತ್ತಲೂ ಸವರಿ, ಎಲ್ಲಿ ಹೆಚ್ಚು ತೆಗೆದಿದೆ, ಎಲ್ಲಿ ಕಡಿಮೆ ತೆಗೆದಿದೆ ಎಂದು ಹೇಳಿಬಿಡುತ್ತಿದ್ದ. ಓಡಾಡಿದ ಟೈರನ್ನು ಮೆಲ್ಲಗೆ ತಿರುಗಿಸುತ್ತ ಅಂಗೈ ಇಟ್ಟರೆ, ಪಟ್ಟಿಯಡಿಯಲ್ಲಿ ಬಿಡಲು ಶುರುವಾದ ಜಾಗ, ಕಣ್ಣಿಗೆ ಬೀಳದ ಉಬ್ಬು, ಅವನಿಗೆ ಸಿಕ್ಕೇ ಸಿಗುತ್ತಿತ್ತು. ಡ್ರೈವರುಗಳೇ ಅವನಿಗೆ ಅಂಗೈ ಮೇಸ್ತ್ರಿ ಎಂದು ಹೆಸರಿಟ್ಟರು. ಟೈರು ಒಯ್ಯಲು ಬಂದವರು ಬಾಗಿಲಲ್ಲಿ ನಿಂತು ಮೊದಲು ಕೇಳುತ್ತಿದ್ದುದೇ “ಮೇಸ್ತ್ರಿ ಕೈ ಬಿತ್ತಾ ಅಕ್ಕಾ?” ಅಂತ. ಬಿತ್ತು ಎಂದು ನಾನು ಹೇಳಿದರೆ ಆಯಿತು, ಇನ್ನೊಂದು ಪ್ರಶ್ನೆ ಇಲ್ಲ. ಹಾಗೆ ಹೇಳುವಾಗ ನನ್ನ ಕತ್ತು ತಾನಾಗಿ ನೆಟ್ಟಗಾಗುತ್ತಿತ್ತು. ಸುಳ್ಳು ಯಾಕೆ ಹೇಳಲಿ.

ಮಂಡಿ ನೋವು ಜಾಸ್ತಿಯಾದ ಮೇಲೆ ಅಣ್ಣ ಅಂಗಡಿಯನ್ನು ಮಗಳಿಗೆ ಒಪ್ಪಿಸಿದ. ಒಪ್ಪಿಸಿದ ಎಂದರೆ ಬೀಗದ ಕೈ ಕೊಟ್ಟ, ಅಷ್ಟೇ. ತಾನು ಮಾತ್ರ ಬೆಳಗ್ಗೆ ಎಲ್ಲರಿಗಿಂತ ಮೊದಲೇ ಬಂದು ಸ್ಟೂಲಿನ ಮೇಲೆ ಕೂರುವುದು ಬಿಡಲಿಲ್ಲ. ಲಾರಿ ಟೈರುಗಳ ಸ್ಟ್ಯಾಂಡು ಅವನ ಎದೆಯೆತ್ತರ, ನಿಂತು ಸವರಲು ಮಂಡಿ ಬಿಡದು. ಅಲ್ಲಿ ಆಳುಗಳು ನೋಡಿಕೊಳ್ಳುತ್ತಿದ್ದರು. ಪಿಕಪ್ಪಿನ ಟೈರು ಸಣ್ಣದು, ಕೂತಲ್ಲೇ ಕೈಗೆ ಸಿಗುತ್ತದೆ. ಅವನ್ನೆಲ್ಲ ಮಗಳು ಉಜ್ಜಿ ಮುಗಿಸಿದ ಮೇಲೆ ಅವನ ಮುಂದೆ ಉರುಳಿಸಿಕೊಂಡೇ ಹೋಗಬೇಕು. ಅವನು ಸವರಿ “ಹ್ಞೂಂ” ಎನ್ನಬೇಕು. ಆ “ಹ್ಞೂಂ”ಗೆ ಅವಳು ಚಿಕ್ಕಂದಿನಿಂದ ಕಾದವಳು. ಶಾಲೆ ಬಿಟ್ಟು ಬಂದು ಟೈರುಗಳ ಒಟ್ಟಿಲಿನ ಮೇಲೆ ಕೂತು ಅಪ್ಪನ ಕೈಯನ್ನೇ ನೋಡುತ್ತಿದ್ದ ಮಗು.

ಅಂಥವಳ ಹೆಸರಿಗೆ ಈಗ ಮಸಿ ಬಿತ್ತು. ಮೊದಲು ನೀರಿನ ಕ್ಯಾನ್ ಸಾಗಿಸುವವನ ಪಿಕಪ್ಪಿನ ಪಟ್ಟಿ ಬಿಟ್ಟಿತು. ಆಮೇಲೆ ಇಟ್ಟಿಗೆಯವನದ್ದು. ಆಮೇಲೆ ಮೊಟ್ಟೆಯದು. ಲಾರಿಯವರು ಯಾರೂ ದೂರು ತರಲಿಲ್ಲ. ಪಿಕಪ್ಪಿನವರು ಮಾತ್ರ ಬಾಗಿಲಿಗೆ ಬಂದು, ಒಳಗೆ ಇಣುಕಿ, ಅವಳನ್ನು ಕಂಡು, ಮಾತು ನುಂಗಿ ಹೋಗತೊಡಗಿದರು. ಇನ್ನೂ ಕೆಲವರು ಬರುವುದನ್ನೇ ಬಿಟ್ಟರು.

ಅಣ್ಣ ಹೊರಗಿನವರ ಮುಂದೆ ಮಗಳನ್ನು ಬಿಟ್ಟುಕೊಡುತ್ತಿರಲಿಲ್ಲ. “ಗಾಳಿ ಕಮ್ಮಿ ಹೊಡೀತೀರಿ, ಎರಡರಷ್ಟು ಲೋಡು ಹಾಕ್ತೀರಿ, ಬಿಸಿಲಲ್ಲಿ ಓಡಿಸ್ತೀರಿ. ಟೈರು ಕಾದು ಪಟ್ಟಿ ಬಿಡ್ದೆ ಇನ್ನೇನು ಮಾಡತ್ತೆ?” ಎಂದು ಗದರುತ್ತಿದ್ದ. ಅದರಲ್ಲಿ ಸುಳ್ಳೇನೂ ಇಲ್ಲ. ಆದರೆ ಅವರು ಹೋದ ಮೇಲೆ ಮಗಳತ್ತ ತಿರುಗಿ, “ಚೇಂಬರ್ ಬಿಸಿ ಸರಿಯಾಗಿ ಇಟ್ಟಿದ್ದೀಯಾ?” ಎಂದ ಒಂದು ದಿನ. ಬೇರೆಯವರ ನೂರು ಮಾತಿಗೆ ಬಾಡದ ಅವಳ ಮುಖ ಆ ಒಂದು ಮಾತಿಗೆ ಬಾಡಿತು.

ಅವಳು ವಾದ ಮಾಡಲಿಲ್ಲ. ಹಿಂದಿನ ಕೋಣೆಯಲ್ಲಿ ಹಗ್ಗ ಕಟ್ಟಿ, ಕಿತ್ತುಬಂದ ಪಟ್ಟಿಗಳನ್ನು ಒಳಮೈ ಹೊರಗೆ ಕಾಣುವಂತೆ ಒಗೆದ ಬಟ್ಟೆಯ ಹಾಗೆ ಸಾಲಾಗಿ ನೇತುಹಾಕಿದಳು. ಬಿಡುವು ಸಿಕ್ಕಾಗಲೆಲ್ಲ ಅವುಗಳ ಮುಂದೆ ಸೊಂಟಕ್ಕೆ ಕೈಕೊಟ್ಟು ನಿಲ್ಲುವುದು. ನಾನು ಒಮ್ಮೆ ಊಟಕ್ಕೆ ಕರೆಯಲು ಹೋದವಳು ಕೇಳಿದೆ, “ಇವಕ್ಕೇನು ಬಾಯಿ ಬರುತ್ತೆ ಅಂತ ಕಾಯ್ತಿದ್ದೀಯಾ?”

“ಬಂದಿದೆ ಅತ್ತೆ. ಇಲ್ಲಿ ನೋಡು.”

ನೋಡಿದೆ. ಪಟ್ಟಿಯ ಒಳಮೈ ಬಹುಪಾಲು ಒರಟೊರಟಾಗಿತ್ತು. ಹಳೆಯ ಟೈರಿನ ಚೂರುಗಳನ್ನೂ ಕಿತ್ತುಕೊಂಡು ಬಂದಿತ್ತು.

“ಇದು ಹಿಡಿದಿದ್ದ ಜಾಗ,” ಎಂದಳು. “ಹಿಡಿದ ಜಾಗ ಬಿಡೋವಾಗ ಜಗಳ ಆಡತ್ತೆ. ಇದು ನೋಡು, ಇದು ಜಗಳವೇ ಆಡಿಲ್ಲ.”

ನಡುನಡುವೆ ನುಣ್ಣನೆಯ ಮಚ್ಚೆಗಳಿದ್ದವು. ಹೊಳೆಯುತ್ತಿದ್ದವು, ತೊಳೆದಿಟ್ಟ ತಟ್ಟೆಯ ಹಾಗೆ. ಒಂದೊಂದೂ ಹಿಡಿಯಗಲ, ಒಂದು ಅಂಚಿನಲ್ಲಿ ಬಾಚಣಿಗೆಯ ಹಲ್ಲಿನಂತೆ ಸೀಳು ಸೀಳು. ಎಲ್ಲ ಪಟ್ಟಿಗಳಲ್ಲೂ ಒಂದೇ ಬಗೆ.

“ಗಾಳಿ ಕಮ್ಮಿ ಆಗಿ ಬಿಟ್ಟಿದ್ರೆ ಅಂಚಿನಿಂದ ಬಿಡತ್ತೆ. ಬಿಸಿ ಸಾಲದೆ ಬಿಟ್ಟಿದ್ರೆ ಪೂರ್ತಿ ಬಿಡತ್ತೆ. ಇದು ಮಧ್ಯದಲ್ಲಿ ಅಲ್ಲಲ್ಲಿ ಶುರುವಾಗಿದೆ. ಒಂದೇ ರಬ್ಬರು, ಒಂದೇ ಚೇಂಬರು, ಲಾರಿಯದ್ದು ನಿಂತಿದೆ, ಪಿಕಪ್ಪಿನದು ಬಿಟ್ಟಿದೆ. ಪಿಕಪ್ಪಿಗೆ ಮಾತ್ರ ನಾವು ಏನು ಮಾಡ್ತೀವಿ ಅತ್ತೆ?”

ಹೀಗೆ ಕೇಳುತ್ತಲೇ ಅವಳು ಒಂದು ಮಚ್ಚೆಯ ಮೇಲೆ ತನ್ನ ಕೈ ಇಟ್ಟಳು. ಕೈ ಚಿಕ್ಕದಾಯಿತು. ಮಚ್ಚೆ ಅದರ ಸುತ್ತ ಇನ್ನೂ ಉಳಿಯಿತು. ಅವಳು ಕೈ ತೆಗೆಯದೆ ನನ್ನತ್ತ ತಿರುಗಿದಳು.

“ಅಪ್ಪ ಕೈಗೆ ಮುಲಾಮು ಹಚ್ಚೋಕೆ ಶುರು ಮಾಡಿದ್ದು ಯಾವಾಗ?”

ಮಂಡಿಯ ನೋವು ಬೆರಳಿನ ಗೆಣ್ಣುಗಳಿಗೂ ಬಂದಿತ್ತು. ಡಾಕ್ಟರು ಕೊಟ್ಟ ಮುಲಾಮನ್ನು ಅಣ್ಣ ಬೆಳಗ್ಗೆಯೂ ಮಧ್ಯಾಹ್ನವೂ ತಿಕ್ಕಿಕೊಂಡು, ಸ್ಟೂಲಿಗೆ ಕಟ್ಟಿದ ಬಟ್ಟೆಗೆ ಒರೆಸಿ, “ಒಣಗಿತು ನೋಡು” ಎಂದು ನನಗೇ ತೋರಿಸುತ್ತಿದ್ದ. ಅದು ಶುರುವಾಗಿದ್ದು ಮಗಳು ಅಂಗಡಿ ವಹಿಸಿಕೊಂಡ ಹೊತ್ತಿನಲ್ಲೇ.

“ಬಟ್ಟೆಗೆ ಒರೆಸ್ಕೋತಾನಲ್ಲೇ,” ಎಂದೆ.

“ಕೈಗೆ ಒಣಗಿದೆ ಅನ್ಸತ್ತೆ ಅತ್ತೆ. ರಬ್ಬರಿಗೆ ಹಾಗನ್ಸಲ್ಲ.”

ಅವಳು ಅಷ್ಟಕ್ಕೇ ನಂಬಿ ಕೂರಲಿಲ್ಲ. ಒಂದು ಹಳೆಯ ಟೈರನ್ನು ಉಜ್ಜಿದಳು. ತನ್ನ ಕೈಗೆ ಅಪ್ಪನ ಮುಲಾಮು ತಿಕ್ಕಿಕೊಂಡು, ಅದೇ ಬಟ್ಟೆಗೆ ಒರೆಸಿಕೊಂಡು, ಟೈರಿನ ಅರ್ಧ ಭಾಗವನ್ನು ಸವರಿದಳು. ಇನ್ನರ್ಧ ಮುಟ್ಟಲಿಲ್ಲ. ಸಲ್ಯೂಷನ್, ಪಟ್ಟಿ, ಚೇಂಬರು ಎಲ್ಲ ಎಂದಿನಂತೆ. ಮಾರನೆಯ ದಿನ ಅದು ತಣ್ಣಗಾದ ಮೇಲೆ ನನ್ನನ್ನು ಕರೆದು, ಪಟ್ಟಿಗೆ ಒಂದು ಕಡೆ ಚಾಕು ಹಾಕಿ, ಇಕ್ಕಳದಲ್ಲಿ ಹಿಡಿದು ಎಳೆದಳು. ಸವರಿದ ಕಡೆ ಬಾಳೆಹಣ್ಣಿನ ಸಿಪ್ಪೆ ಸುಲಿದ ಹಾಗೆ ಎದ್ದು ಬಂತು. ಸವರದ ಕಡೆ ಬಂದಾಗ ಪಟ್ಟಿ ಅಲ್ಲಾಡಲಿಲ್ಲ. ನಾನೂ ಅವಳ ಸೊಂಟ ಹಿಡಿದು ಎಳೆದೆ. ಇಕ್ಕಳ ಜಾರಿ ನಾವಿಬ್ಬರೂ ಹಿಂದಕ್ಕೆ ಬಿದ್ದೆವೇ ಹೊರತು ಪಟ್ಟಿ ಬರಲಿಲ್ಲ.

ನೆಲದ ಮೇಲೆ ಕೂತೇ ನಾನು ಹೇಳಿದೆ, “ಒಂದು ಮಾತು ಕೇಳು. ಅವನಿಗೆ ಹೇಳಬೇಡ. ಚಳಿ ಇದೆ, ಗೆಣ್ಣಿಗೆ ಒಳ್ಳೇದು ಅಂತ ಒಂದು ಜೊತೆ ಗ್ಲೌಸು ನಾನೇ ತಂದುಕೊಡ್ತೀನಿ. ಹಾಕ್ಕೊಂಡು ಸವರಲಿ. ರಬ್ಬರು ಕೆಟ್ಟದಿತ್ತು ಅಂತ ಡ್ರೈವರುಗಳಿಗೆ ಹೇಳಿದ್ರಾಯ್ತು.”

“ಆಗಲೇ ಸವರಿ ಕಳಿಸಿರೋ ಟೈರುಗಳು?”

ನಾನು ಜಾರಿ ಬಿದ್ದಿದ್ದ ಇಕ್ಕಳ ಎತ್ತಿಕೊಂಡೆ.

“ಅವೆಲ್ಲ ಈಗ ರಸ್ತೆ ಮೇಲಿವೆ ಅತ್ತೆ. ಮೊಟ್ಟೆ ಅಣ್ಣಂಗೆ ಮೊಟ್ಟೆ ಹೋಯ್ತು. ಇನ್ನೊಬ್ಬರಿಗೆ ಏನು ಹೋಗತ್ತೋ. ಅವನ್ನೆಲ್ಲ ವಾಪಸ್ ಕರೆಸಬೇಕು. ಕರೆಸಿದ್ರೆ ಯಾಕೆ ಅಂತ ಕೇಳ್ತಾರೆ. ಮೊದಲು ಕೇಳೋದು ಅಪ್ಪನೇ.”

“ಅದು ಅವನ ಕೈ ಕಣೇ. ಅವನ ಹತ್ರ ಇರೋದು ಅದೊಂದೇ.”

“ಗೊತ್ತು. ಅದಕ್ಕೇ ಬೇರೆ ಯಾರ ಬಾಯಿಂದನೂ ಅವನು ಇದನ್ನ ಕೇಳಬಾರದು. ನಾನೇ ಹೇಳ್ತೀನಿ.”

ಆ ಗಳಿಗೆಯಲ್ಲಿ ಅವಳ ದವಡೆ ಥೇಟ್ ಅವರಪ್ಪನದು.

ಅಣ್ಣ ಬಂದು ಸ್ಟೂಲಿನ ಮೇಲೆ ಕೂತಾಗ ಅವಳು ಆ ಟೈರನ್ನು ಅವನ ಕಾಲ ಬಳಿ ತಂದಿಟ್ಟಳು. ಸುತ್ತಿ ಬಳಸಿ ಮಾತಾಡಲಿಲ್ಲ.

“ಅಪ್ಪಾ, ಪಿಕಪ್ ಪಟ್ಟಿಗಳು ಯಾಕೆ ಬಿಡ್ತಿವೆ ಅಂತ ಸಿಕ್ತು. ನಿನ್ನ ಕೈಯ ಮುಲಾಮು.”

ನಾನು ಕೌಂಟರಿನ ಹಿಂದೆ ನಿಂತಿದ್ದೆ. ಅಣ್ಣ ಸುಲಿದ ಪಟ್ಟಿಯ ತುದಿ ಎತ್ತಿಕೊಂಡ. ಕನ್ನಡಕ ಹಣೆಗೇರಿಸಿದ. ಅವನು ಏನನ್ನಾದರೂ ನಿಜವಾಗಿ ನೋಡಬೇಕಾದರೆ ಕನ್ನಡಕ ತೆಗೆಯುತ್ತಾನೆ, ಬೆರಳಿನಲ್ಲಿ ನೋಡುತ್ತಾನೆ.

“ಇದಕ್ಕೆ ಕೈ ಹಾಕಿದ್ದು ಯಾರು?”

“ನಾನು. ನಿನ್ನ ಮುಲಾಮು ಹಚ್ಕೊಂಡು.”

“ಒರೆಸ್ಕೊಂಡ್ಯಾ, ನಾನು ಒರೆಸ್ಕೊಳ್ಳೋ ಹಾಗೆ?”

“ಅದೇ ಬಟ್ಟೆಗೆ. ನೀನು ಒರೆಸೋದಕ್ಕಿಂತ ಜಾಸ್ತಿನೇ.”

“ಸಲ್ಯೂಷನ್ ಒಣಗೋಕೆ ಬಿಟ್ಟಿದ್ಯಾ?”

“ಎರಡೂ ಅರ್ಧಕ್ಕೂ ಒಂದೇ ಹೊತ್ತು. ಒಂದೇ ಡಬ್ಬಿ, ಒಂದೇ ಬ್ರಷ್ಷು.”

“ಉಜ್ಜಿದ್ದು ಒಂದು ಕಡೆ ನುಣ್ಣಗಾಗಿದ್ರೆ?”

“ಪಟ್ಟಿ ಎದ್ದ ಜಾಗದಲ್ಲಿ ಟೈರನ್ನೇ ಸವರಿ ನೋಡು. ಗ್ಲೌಸ್ ಹಾಕ್ಕೊಂಡು.”

ಕೊನೆಯ ಮಾತಿಗೆ ನಾನು ನಾಲಿಗೆ ಕಚ್ಚಿಕೊಂಡೆ. ಆದರೆ ಅಣ್ಣನ ಮುಖ ನೋಡಿದರೆ, ಅವನು ಒಂದೊಂದು ಪ್ರಶ್ನೆಯನ್ನು ಎಸೆದು, ಅದು ಮರಳಿ ಸರಿಯಾಗಿ ಬಂದು ಬಿದ್ದಾಗಲೆಲ್ಲ, ಹುಬ್ಬು ಒಂದಿಷ್ಟು ಸಡಿಲವಾಗುತ್ತಿತ್ತು. ಕೇಳುವುದೆಲ್ಲ ಮುಗಿದ ಮೇಲೆ ಅವನು ಹಗ್ಗದ ಮೇಲಿದ್ದ ಮೊಟ್ಟೆಯ ಪಟ್ಟಿ ತರಿಸಿದ. ಅದರ ನುಣ್ಣನೆಯ ಮಚ್ಚೆಯ ಮೇಲೆ ತನ್ನ ಅಂಗೈ ಇಟ್ಟ. ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತು.

ಅಣ್ಣ ಎದ್ದು ಅಂಗಳಕ್ಕೆ ಹೋದ. ಅಲ್ಲಿ ಒಟ್ಟಿದ್ದ ಹಳೆಯ ಟೈರುಗಳ ಕಡೆ ಮುಖ ಮಾಡಿ, ನಮಗೆ ಬೆನ್ನು ಹಾಕಿ ನಿಂತ. ಮಗಳು ಹೋಗಲು ಹೆಜ್ಜೆ ಎತ್ತಿದಳು. ನಾನು ತೋಳು ಹಿಡಿದೆ. ಬೀದಿಯಲ್ಲಿ ಗಾಡಿಗಳು ಹೋಗುತ್ತಿದ್ದವು. ಒಂದೊಂದು ಪಿಕಪ್ ಹೋದಾಗಲೂ ಅವನ ತಲೆ ಅದರ ಚಕ್ರದತ್ತ ತಿರುಗುತ್ತಿತ್ತು.

ತಿರುಗಿ ಬಂದಾಗ ಅವನು ಮಾತಾಡಿದ್ದು ನನ್ನ ಹತ್ತಿರ. “ಫೋನ್ ತಗೋ. ನಾನು ಕೈ ಹಾಕಿದ ಪಿಕಪ್ಪುಗಳನ್ನೆಲ್ಲ ಕರೆಸು. ಲೋಡ್ ಹಾಕಬೇಡಿ, ನಿಧಾನಕ್ಕೆ ಬನ್ನಿ ಅನ್ನು.”

“ಏನಾಗಿದೆ ಅಂತ ಕೇಳಿದ್ರೆ?”

“ಮೇಸ್ತ್ರಿ ಕೈ ಕೆಟ್ಟಿದೆ ಅನ್ನು.”

ಯಾರ್ಯಾರದ್ದು ಎಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಪಿಕಪ್ಪಿನವರೆಲ್ಲರ ಗಂಟಲು ನನಗೆ ಗೊತ್ತು. ಹಲೋ ಎನ್ನುವ ಮೊದಲು ಕೆಮ್ಮುವವನು ನೀರಿನವನು. ಹಲೋ ಎನ್ನದೆ “ಹೇಳಿ” ಎನ್ನುವವನು ಇಟ್ಟಿಗೆಯವನು. ಅವನಿಗೇ ಮೊದಲು ಮಾಡಿದೆ. “ಒಂದು ಸಣ್ಣ ತಪಾಸಣೆ ಇದೆ ಅಪ್ಪಾ, ಬಿಡುವಾದಾಗ ಈ ಕಡೆ...” ಎನ್ನುತ್ತಿದ್ದ ಹಾಗೇ ಅಣ್ಣ ಫೋನು ಕಿತ್ತುಕೊಂಡ.

“ಬಿಡುವಾದಾಗ ಅಲ್ಲ, ಈಗ! ನಿನ್ನ ಟೈರು ಕೆಡಿಸಿದ್ದು ನಾನು. ನನ್ನ ಕೈಯ ಮುಲಾಮು ಹತ್ತಿದೆ. ಹುಡುಗೀದೇನೂ ತಪ್ಪಿಲ್ಲ. ಹುಡುಗಿನೇ ಕಂಡುಹಿಡಿದಿದ್ದು... ಹ್ಞಾಂ? ಹ್ಞೂಂ, ನನ್ನ ಮಗಳೇ. ಇನ್ಯಾರ ಮಗಳು?”

ಆ ಕೊನೆಯ ಮಾತನ್ನು ಅವನು ಹೇಳಿದ ರೀತಿ ನನಗೆ ಇಷ್ಟವಾಯಿತು. ಹಾಗಾಗಿ ಉಳಿದ ಕರೆಗಳನ್ನೂ ಅವನಿಗೇ ಬಿಟ್ಟೆ. ಪ್ರತಿಯೊಬ್ಬರಿಗೂ ತನ್ನ ತಪ್ಪನ್ನು ಚುಟುಕಾಗಿ ಹೇಳಿದ. ಮಗಳ ಪತ್ತೆಯನ್ನು ಉದ್ದುದ್ದ ಹೇಳಿದ. ನಾಲ್ಕನೆಯದೋ ಐದನೆಯದೋ ಕರೆಯ ಹೊತ್ತಿಗೆ ಬಾಚಣಿಗೆ ಹಲ್ಲಿನ ಗುರುತು, ಒರಟು ಜಾಗ, ನುಣ್ಣನೆ ಜಾಗ ಎಲ್ಲ ಸೇರಿಕೊಂಡು ಅದೊಂದು ಕಥೆಯೇ ಆಗಿತ್ತು. ಮಗಳು ಒಳಗೆ ಉಜ್ಜುವ ಯಂತ್ರ ಹಾಕಿಕೊಂಡಳು. ಕೇಳಿಸಬಾರದು ಎಂದೇ ಇರಬೇಕು.

ಮಧ್ಯಾಹ್ನದ ಹೊತ್ತಿಗೆ ನಮ್ಮ ಅಂಗಳದಿಂದ ಬೀದಿಯ ತಿರುವಿನವರೆಗೂ ಪಿಕಪ್ಪುಗಳು. ಬರುವುದನ್ನು ಬಿಟ್ಟಿದ್ದವರೂ ಬಂದಿದ್ದರು. ಒಬ್ಬೊಬ್ಬರದೂ ಒಂದೊಂದು ಮಾತು. “ಮೇಸ್ತ್ರಿ, ಇಷ್ಟು ವರ್ಷ ಯಾರಿಗೂ ಬೆಣ್ಣೆ ಹಚ್ಚದ ನೀವು ಈಗ ಟೈರಿಗೆ ಹಚ್ಚಿದ್ರಾ?” ಎಂದ ನೀರಿನವನು. ಎಲ್ಲರೂ ನಕ್ಕರು. ಅಣ್ಣನೂ ನಕ್ಕ. ನನಗೆ ಧೈರ್ಯ ಬಂತು.

ಗಾಡಿಯ ಚಕ್ರವನ್ನು ಜ್ಯಾಕಿನಿಂದ ಎತ್ತುವುದು. ಡ್ರೈವರು ಚಕ್ರವನ್ನು ಮೆಲ್ಲಗೆ ತಿರುಗಿಸುವುದು. ಅಣ್ಣ ಸ್ಟೂಲಿನ ಮೇಲೆ ಕೂತು ಓಡಾಡಿದ ಪಟ್ಟಿಯ ಮೇಲೆ ಅಂಗೈ ಇಡುವುದು. ಬೆಂದು ಮುಗಿದ ಪಟ್ಟಿಯ ಹೊರಗೆ ಮುಲಾಮಿನ ಕೈ ಏನೂ ಕೆಡಿಸುವುದಿಲ್ಲ. “ನಿಲ್ಸು,” ಎನ್ನುತ್ತಿದ್ದ. “ಹಿಂದೆ ತಿರುಗ್ಸು. ಇಲ್ಲಿ.” ಮಗಳು ಸೀಮೆಸುಣ್ಣದಲ್ಲಿ ಗೆರೆ ಹಾಕುತ್ತಿದ್ದಳು. ಯಾವುದಕ್ಕೆ ಉಬ್ಬು ಸಿಕ್ಕಿತೋ ಅದು ಆ ಕ್ಷಣವೇ ಕಳಚಬೇಕು. ಸಿಗದಿದ್ದರೂ ನಂಬುವ ಹಾಗಿಲ್ಲ. ಮೆಲ್ಲಗೆ ಮನೆಗೆ ಹೋಗಿ ಸರದಿ ಬಂದಾಗ ತರಬೇಕು. ಅವಳೇ ಹಾಗೆ ತೀರ್ಮಾನ ಮಾಡಿದ್ದು. ಅಣ್ಣ ಬರಿದೇ ತಲೆ ಆಡಿಸಿದ್ದು.

ಮೊಟ್ಟೆ ಕೊನೆಗೆ ಬಂದ. ಬೇರೊಂದು ಟೈರು ಹಾಕಿಕೊಂಡು ಬಂದಿದ್ದ. ಕೈಕಟ್ಟಿ ನಿಂತ.

“ನಂದು ಮೂರೂ ಬೆಣ್ಣೆ ಅಂತ ಆಗ್ಲೇ ಹೇಳಿದೀನಿ. ಮೇಸ್ತ್ರಿ ಕೈ ಬಿದ್ದಿರೋದು ಅವಕ್ಕೆ.”

“ಅದಕ್ಕೇ ಕರೆಸಿದ್ದು,” ಎಂದ ಅಣ್ಣ. “ತಿರುಗ್ಸು.”

ಮೊದಲನೆಯ ಚಕ್ರ ಒಂದು ಸುತ್ತು ಬಂತು. ಏನೂ ಇಲ್ಲ. ಮೊಟ್ಟೆ ನನ್ನತ್ತ ನೋಡಿ ಕಣ್ಣು ಹೊಡೆದ. ಎರಡನೆಯದು ಅರ್ಧ ಸುತ್ತು ಬಂದಾಗ ಅಣ್ಣನ ಕೈ ನಿಂತಿತು. ಸ್ವಲ್ಪ ಹಿಂದೆ ಹೋಯಿತು. ಮತ್ತೆ ನಿಂತಿತು.

“ಇಲ್ಲಿ.”

“ಎಲ್ಲಿ? ನನಗೇನೂ ಕಾಣ್ತಿಲ್ವಲ್ಲ,” ಎಂದು ಮೊಟ್ಟೆ ಬಗ್ಗಿ ನೋಡಿದ. ನಾನೂ ನೋಡಿದೆ. ನಮಗೆ ಏನೂ ಕಾಣಲಿಲ್ಲ.

ಮಗಳು ಆ ಜಾಗಕ್ಕೆ ಚಾಕುವಿನ ಮೊನೆ ಇಟ್ಟು ಪಟ್ಟಿಯನ್ನು ಸೀಳಿದಳು. ಸೀಳಿನೊಳಗೆ ಬೆರಳು ಹಾಕಿ ಅಗಲಿಸಿದಳು. ಪಟ್ಟಿ ಟೈರಿನಿಂದ ಪೂರ್ತಿ ಬಿಟ್ಟುಕೊಂಡಿತ್ತು. ಒಳಗೆ ಅಂಗೈಯಗಲದ ಜೇಬು, ನುಣ್ಣಗೆ ಹೊಳೆಯುತ್ತ. ಮೊಟ್ಟೆ ತನ್ನ ಬೆರಳನ್ನೂ ಅದರೊಳಗೆ ಹಾಕಿ ನೋಡಿದ. ಅವನು ಬಾಯಿ ಮುಚ್ಚಿಕೊಂಡಿದ್ದನ್ನು ನಾನು ಕಂಡದ್ದು ಅದೇ ಮೊದಲು.

“ನಾಳೆ ಬೆಳಗ್ಗೆ ಇದರ ಮೇಲೆ ಬೆಟ್ಟದ ರಸ್ತೆಗೆ ಹೋಗೋನಿದ್ದೆ,” ಎಂದ ಕೊನೆಗೆ. “ಪಕ್ಕದಲ್ಲಿ ಹೆಂಡತೀನ ಕೂರಿಸ್ಕೊಂಡು.”

ಅವನು ಅಣ್ಣನತ್ತ ನೋಡಿದ. ಅಣ್ಣ ಮಗಳತ್ತ ಬೆರಳು ತೋರಿಸಿದ.

“ನನ್ನನ್ನಲ್ಲ, ಅವಳನ್ನ ನೋಡು. ಅಂಗಡಿ ಶುರುವಾದಾಗಿಂದ ಗೋಡೆ ಮೇಲೆ ಬರೆದಿಟ್ಟಿದೀನಿ, ಬರಿಗೈಲಿ ಮುಟ್ಟಬಾರದು ಅಂತ. ನೀನು ಯಾಕೆ ಮುಟ್ತೀಯಾ ಅಂತ ನನ್ನ ಕೇಳೋ ಎದೆ ಒಬ್ಬರಿಗೂ ಇರಲಿಲ್ಲ. ನಿಮಗೂ ಇರಲಿಲ್ಲ, ನನ್ನ ತಂಗಿಗೂ ಇರಲಿಲ್ಲ. ಇವಳಿಗಿದೆ. ಇವಳಿಗೆ ಕೆಲಸ ಕಲಿಸಿದ್ದು ಯಾರು ಗೊತ್ತಾ?”

“ಯಾರು?” ಎಂದ ಮೊಟ್ಟೆ, ಗೊತ್ತಿಲ್ಲದವನ ಹಾಗೆ.

“ನಾನು!” ಎಂದು ಅಣ್ಣ ಎದೆ ತಟ್ಟಿಕೊಂಡ. ಅಂಗಿಯ ಮೇಲೆ ಐದು ಬೆರಳಿನ ಕಪ್ಪು ಗುರುತು ಉಳಿಯಿತು. ತಪ್ಪು ಮಾಡಿದವನೇ ಹೀಗೆ ಮೆರೆಯುವುದನ್ನು ನಾನು ಬೇರೆಲ್ಲೂ ಕಂಡಿಲ್ಲ. ಆದರೆ ಅವನು ಮೆರೆಯಲಿ ಎಂದೇ ನನಗನ್ನಿಸಿತು. ನಾನೂ ಕೌಂಟರಿನ ಹಿಂದೆ ಮನಸ್ಸಿನಲ್ಲೇ ಮೆರೆಯುತ್ತಿದ್ದೆ.

ಅವಳು ಮಾತ್ರ ತಲೆ ಬಗ್ಗಿಸಿ ಚಾಕು ಒರೆಸುತ್ತಿದ್ದಳು. ಕಿವಿ ಕೆಂಪಾಗಿತ್ತು.

ಆ ವಾರವೆಲ್ಲ ನಾವು ಲಾರಿ ಟೈರುಗಳನ್ನು ಪಕ್ಕಕ್ಕಿಟ್ಟು ಪಿಕಪ್ಪಿನ ಕೆಲಸವನ್ನೇ ಮಾಡಿದೆವು. ಚೇಂಬರು ತಣ್ಣಗಾಗಲು ಬಿಡಲಿಲ್ಲ. ಅಣ್ಣನ ಸ್ಟೂಲನ್ನು ಅವಳು ಹೊರಬಾಗಿಲಿಗೆ ತಂದು ಹಾಕಿದಳು. ಅಲ್ಲಿಗೆ ಬಂದ ಹಳೆಯ ಟೈರು ಮೊದಲು ಅವನ ಕೈಗೇ ಬರಬೇಕು, ರೀಸೋಲ್ ಮಾಡಿಸಲು ಲಾಯಕ್ಕೋ ಅಲ್ಲವೋ ಎಂದು ಅವನೇ ಹೇಳಬೇಕು. ಬಾಗಿಲು ದಾಟಿ ಒಳಗೆ ಹೋದ ಮೇಲೆ ಅದು ಅವಳದು. ಹೀಗೆಂದು ಅವಳು ಹೇಳಿದಾಗ ಅಣ್ಣ, “ಮತ್ತೆ ಮುಲಾಮು?” ಎಂದ.

“ಬೇಕಾದಷ್ಟು ಹಚ್ಕೋ,” ಎಂದಳು.

ಮೊಟ್ಟೆಯ ಟೈರುಗಳು ಸಿದ್ಧವಾದ ದಿನ ಅವನು ಎರಡು ಟ್ರೇ ಮೊಟ್ಟೆ ಹಿಡಿದುಕೊಂಡು ಬಂದ. ಒಂದೂ ಒಡೆದಿರಲಿಲ್ಲ. ನನ್ನ ಮುಂದೆ ಇಟ್ಟು, “ಚಿಕ್ಕ ಮೇಸ್ತ್ರಿಗೆ ಕೊಡಿ,” ಎಂದ. ಹಿಂದೊಮ್ಮೆ ಹಂಗಿಸಲೆಂದು ಅವನೇ ಕಟ್ಟಿದ ಹೆಸರು ಅದು. ಈ ಸಲ ಹಂಗಿಸಲಿಲ್ಲ. ಆಮೇಲೆ ಬಾಗಿಲಲ್ಲಿ ಕೂತ ಅಣ್ಣನತ್ತ ತಿರುಗಿ, ಹಳೆಯ ಅಭ್ಯಾಸದಂತೆ ಕೇಳಿಯೇಬಿಟ್ಟ:

“ಕೈ ಬಿತ್ತಾ ಮೇಸ್ತ್ರಿ?”

“ಇಲ್ಲ,” ಎಂದ ಅಣ್ಣ. “ಬಿದ್ದಿಲ್ಲ. ಧೈರ್ಯವಾಗಿ ಓಡ್ಸು.”

ಮೊಟ್ಟೆ ಟೈರುಗಳನ್ನು ಗಾಡಿಗೇರಿಸಿಕೊಂಡು ಹೊರಟ. ಒಳಗೆ ಉಜ್ಜುವ ಯಂತ್ರ ನಿಂತಿತು. ಅವಳು ಹೊಸದಾಗಿ ಉಜ್ಜಿದ ಟೈರೊಂದನ್ನು ಬೆಳಕಿಗೆ ಹಿಡಿದು ನೋಡಲೆಂದು ಬಾಗಿಲ ತನಕ ಉರುಳಿಸಿಕೊಂಡು ಬಂದಳು. ಅದು ಪಕ್ಕಕ್ಕೆ ಬರುತ್ತಲೇ ಅಣ್ಣನ ಬಲಗೈ ತಾನಾಗಿ ಮೇಲೆದ್ದಿತು. ಟೈರಿಗೆ ಒಂದು ಗೇಣು ದೂರದಲ್ಲಿ ನಿಂತಿತು. ಅವಳೂ ನಿಂತಳು. ಕೈ ಹಾಗೇ ಮುಂದೆ ಹೋಗಿ, ಟೈರನ್ನು ದಾಟಿ, ಅವಳ ಹುಬ್ಬಿನ ಮೇಲಿದ್ದ ರಬ್ಬರ್ ಪುಡಿಯನ್ನು ಒರೆಸಿತು.